ದೇವರು ಕರೆಯುತ್ತಿದ್ದಾನೆ ಅನ್ನಿಸುತ್ತಿದೆ, ಆದರೆ ನಾನು ಒಳ್ಳೆಯ ಕ್ರೈಸ್ತನಲ್ಲ. ಏನು ಮಾಡಲಿ?

ತಮ್ಮಾ, ವಂದನೆ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು ಇಪ್ಪತ್ತೇಳು, ಬೆಂಗಳೂರಿನಲ್ಲಿ ಕೆಲಸ, ಒಂದು ವರ್ಷದಿಂದ ‘ಸೇವೆಗೆ ಬಾ’ ಎಂದು ಒಳಗಿನಿಂದ ಯಾರೋ ಕರೆದ ಹಾಗೆ. ನಿಮ್ಮ ಚರ್ಚಿನ ಸಭೆಯವರು ಯುವಜನರ ಕೂಟವನ್ನು ನೋಡಿಕೊಳ್ಳಿ ಎಂದು ಕೇಳಿದ್ದಾರೆ, ನೀವು ಒಪ್ಪಿಲ್ಲ. ಒಪ್ಪದಿರಲು ನಾಲ್ಕು ಕಾರಣ ಬರೆದಿದ್ದೀರಿ. ಬೇಗ ಸಿಟ್ಟು ಬರುತ್ತದೆ. ಬೆಳಗಿನ ಪ್ರಾರ್ಥನೆ ವಾರಗಟ್ಟಲೆ ತಪ್ಪುತ್ತದೆ. ಕೋವಿಡ್ ಆದ ಮೇಲೆ ಎರಡು ವರ್ಷ ಆರಾಧನೆಗೇ ಹೋಗಿರಲಿಲ್ಲ. ಆಮೇಲೆ, ಹೇಳಲೋ ಬೇಡವೋ ಎಂಬಂತೆ ಕೊನೆಗೆ ಒಂದು ಸಾಲು: ಗೆಳೆಯನೊಬ್ಬನಿಂದ ತೆಗೆದುಕೊಂಡ ಹಣ ವಾಪಸ್ ಕೊಟ್ಟಿಲ್ಲ, ಅವನ ಫೋನನ್ನೂ ಎತ್ತುತ್ತಿಲ್ಲ. ಮೊದಲು ಸರಿಯಾಗಿ ಆಮೇಲೆ ದೇವರಿಗೆ ಹೂಂ ಅನ್ನಬೇಕಾ, ಇಲ್ಲಾ ಹೀಗಿದ್ದೇ ಹೂಂ ಅನ್ನಬಹುದಾ ಎಂದು ಕೇಳಿದ್ದೀರಿ.

ನಾನು ಪಾಸ್ಟರ್ ಅಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ಧಾರವಾಡದ ಕಡೆಯವನು, ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಹತ್ತೊಂಬತ್ತು ವರ್ಷದಿಂದ ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ಟೀಚರ್. ಸ್ವಿಟ್ಜರ್ಲೆಂಡಿನಿಂದ ಸುವಾರ್ತೆ ಸಾರಲು ಬಂದ ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ. ನಮ್ಮ ಮನೆತನ ಸಭೆಗೆ ಸೇರಿ ಐದು ತಲೆಮಾರಾಯಿತು. ಐದು ತಲೆಮಾರಿನ ಪ್ರಾರ್ಥನೆ ಇದ್ದರೂ ನಮ್ಮ ಮನೆಯಲ್ಲಿ ಜಗಳಕ್ಕೇನೂ ಬರ ಬಂದಿರಲಿಲ್ಲ.

ಸಂಡೇ ಸ್ಕೂಲ್ ತೆಗೆದುಕೋ ಎಂದು ನನ್ನನ್ನು ಮೊದಲು ಕೇಳಿದಾಗ ನನಗೆ ಮೂವತ್ತೊಂದು. ಅಪ್ಪ ತೀರಿಕೊಂಡು ಮನೆ ಪಾಲಾದ ಕಾಲ. ರಿಪೇರಿಗೆ ನಾನು ಹಾಕಿದ ಖರ್ಚು ಎಂದು ಅಣ್ಣನಿಗೆ ತೋರಿಸಿದ ಲೆಕ್ಕದಲ್ಲಿ ಹದಿನೆಂಟು ಸಾವಿರ ರೂಪಾಯಿ ಹೆಚ್ಚಿಗೆ ಬರೆದಿದ್ದೆ. ಅವನಿಗೆ ಅನುಮಾನ ಬಂತು. ನಾನು ದನಿ ಏರಿಸಿದೆ, ತಪ್ಪು ನಂದೇ ಆಗಿದ್ದರಿಂದ ಇನ್ನೂ ಜೋರಾಗಿಯೇ ಏರಿಸಿದೆ. ನಾಲ್ಕು ವರ್ಷ ಮಾತು ನಿಂತಿತು. ಒಂದೇ ಚರ್ಚಿನಲ್ಲಿ ಅವನು ಎಡಗಡೆ ಬೆಂಚು, ನಾನು ಬಲಗಡೆ. ಕರ್ತನ ಭೋಜನಕ್ಕೆ ಮುಂದೆ ಹೋಗುವಾಗಲೂ ಒಬ್ಬರ ನೆರಳು ಒಬ್ಬರಿಗೆ ತಾಕದ ಹಾಗೆ ನೋಡಿಕೊಳ್ಳುತ್ತಿದ್ದೆವು.

ಆಗಿನ ನಮ್ಮ ಸಭಾಪಾಲಕರು, ಅಂದರೆ ಪಾಸ್ಟರು, ನಿವೃತ್ತಿಗೆ ಹತ್ತಿರವಾಗಿದ್ದವರು, ಮಾತು ಕಡಿಮೆ. ‘ನಂಗ ಯೋಗ್ಯತಾ ಇಲ್ರೀ’ ಎಂದೆ. ‘ಯೋಗ್ಯತಾ ಇದ್ದವರು ಯಾರರ ಇದ್ರ ಹೆಸರು ಹೇಳು, ಅವರನ್ನ ಕೇಳ್ತೀನಿ’ ಅಂದರು. ಸುಮ್ಮನಾದೆ. ‘ಏನು ಕಡಿಮಿ ಐತಿ, ಒಂದೊಂದ ಹೇಳು’ ಅಂದರು. ಹೇಳಿದೆ: ಸಿಟ್ಟು, ಸತ್ಯವೇದ ಓದುವುದರಲ್ಲಿ ಆಲಸ್ಯ, ನಂಬಿಕೆ ಏರಿಳಿಯುವುದು. ಹೂಂ, ಹೂಂ ಅನ್ನುತ್ತ ಕೇಳಿದರು. ಕೊನೆಗೆ ಅಣ್ಣನ ವಿಷಯ ಬಾಯಿಬಿಟ್ಟೆ. ಆಗ ಕೈಯಲ್ಲಿದ್ದ ಕನ್ನಡಕ ಕೆಳಗಿಟ್ಟರು.

‘ನೀ ಲೆಕ್ಕ ಬರಿಯಾಂವ. ಇಷ್ಟು ತಿಳೀವಲ್ತೇನು? ಕೊರತಿ ಬ್ಯಾರೆ, ಬಾಕಿ ಬ್ಯಾರೆ. ಕೊರತಿ ದೇವರು ತುಂಬ್ತಾನ. ಬಾಕಿ ನೀನ ತೀರಿಸಬೇಕು.’

ನಿಮ್ಮ ನಾಲ್ಕು ಕಾರಣಗಳನ್ನು ಈ ಮಾತಿನ ಪಕ್ಕ ಇಟ್ಟು ನೋಡಿ. ಮೂರು ಕೊರತೆ. ನಾಲ್ಕನೆಯದು ಬಾಕಿ. ನಾಲ್ಕನ್ನೂ ಒಂದೇ ಗಂಟಿಗೆ ಕಟ್ಟಿ ‘ನಾನು ಅಯೋಗ್ಯ’ ಎಂದು ಚೀಟಿ ಅಂಟಿಸಿದ್ದೀರಿ. ಅದು ವಿನಯದ ಹಾಗೆ ಕಾಣುತ್ತದೆ. ಆದರೆ ಆ ಗಂಟಿನಲ್ಲಿ ನಾಲ್ಕನೆಯದು ಬಚ್ಚಿಟ್ಟುಕೊಳ್ಳಲು ಒಳ್ಳೆಯ ಜಾಗ ಸಿಕ್ಕಿದೆ. ಬಿರುಸಾಗಿ ಹೇಳಿದೆ ಅನ್ನಿಸಿದರೆ ಕ್ಷಮಿಸಿ. ನಾನೂ ಅದೇ ಮಾಡಿದವನು, ಅದಕ್ಕೇ ಗುರುತು ಸಿಕ್ಕಿತು.

ಬೈಬಲಿನ ವಿಮೋಚನಕಾಂಡದ ಮೂರು, ನಾಲ್ಕನೇ ಅಧ್ಯಾಯ ಇವತ್ತು ರಾತ್ರಿ ಒಮ್ಮೆ ಓದಿ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಗುಲಾಮರಾಗಿದ್ದ ತನ್ನ ಜನರನ್ನು ಬಿಡಿಸಿಕೊಂಡು ಬಾ ಎಂದು ದೇವರು ಕರೆದಾಗ, ಉರಿಯುವ ಪೊದೆಯ ಮುಂದೆ ಮೋಶೆ ಐದು ಸಲ ಹಿಂದೆ ಸರಿಯುತ್ತಾನೆ. ನಾನೆಷ್ಟರವನು ಅನ್ನುತ್ತಾನೆ. ನಿನ್ನ ಹೆಸರೇನು ಎಂದು ಕೇಳಿದರೆ ಏನು ಹೇಳಲಿ ಅನ್ನುತ್ತಾನೆ. ಅವರು ನಂಬದಿದ್ದರೆ? ನನಗೆ ಮಾತು ಬರುವುದಿಲ್ಲ, ನಾಲಿಗೆ ಮಂದ. ಈ ನಾಲ್ಕಕ್ಕೂ ದೇವರು ಸಮಾಧಾನದಿಂದ ಉತ್ತರ ಕೊಡುತ್ತಾನೆ, ಒಂದಕ್ಕೂ ಗದರುವುದಿಲ್ಲ. ಐದನೆಯ ಸಲ ಮೋಶೆ ಕಾರಣವನ್ನೇ ಕೊಡದೆ ‘ಬೇರೆ ಯಾರನ್ನಾದರೂ ಕಳುಹಿಸು’ ಅಂದುಬಿಡುತ್ತಾನೆ. ಸಿಟ್ಟು ಬಂದದ್ದು ಆಗ, ಅದೊಂದಕ್ಕೆ ಮಾತ್ರ. ಸಿಟ್ಟಿನಲ್ಲೂ ಅಣ್ಣ ಆರೋನನನ್ನು ಜೊತೆಗೆ ಕೊಟ್ಟ, ಅದು ಬೇರೆ ಮಾತು. ಅಂದರೆ, ಕೊರತೆ ಹೇಳಿಕೊಂಡರೆ ದೇವರಿಗೆ ಬೇಸರವಿಲ್ಲ. ಎಷ್ಟು ಬೇಕಾದರೂ ಹೇಳಿಕೊಳ್ಳಿ.

ಆದರೆ ಲೆಕ್ಕ ಬರೆಯುವವನ ಕಣ್ಣಿಗೆ ಇನ್ನೊಂದು ಬೀಳುತ್ತದೆ. ಐಗುಪ್ತದಲ್ಲಿ ಒಬ್ಬನನ್ನು ಕೊಂದು ಮರಳಲ್ಲಿ ಮುಚ್ಚಿ ಮಿದ್ಯಾನಿಗೆ ಓಡಿಬಂದವನು ಈ ಮೋಶೆ. ಐದು ನೆಪಗಳಲ್ಲಿ ಆ ಹೆಣದ ಸುದ್ದಿ ಒಂದರಲ್ಲೂ ಇಲ್ಲ! ನಾಲಿಗೆಯ ತೊಡಕು ನೆನಪಾಯಿತು, ಅದು ನೆನಪಾಗಲಿಲ್ಲ. ಆಮೇಲೆ ದೇವರೇ ಆ ಮಾತು ತೆಗೆಯುತ್ತಾನೆ: ನಿನ್ನ ಪ್ರಾಣ ತೆಗೆಯಬೇಕೆಂದಿದ್ದವರೆಲ್ಲ ಸತ್ತುಹೋದರು, ಹೋಗು. ನಾವು ಹೇಳಿಕೊಳ್ಳುವ ಭಯ ಒಂದು, ಒಳಗಿರುವ ಭಯ ಇನ್ನೊಂದು. ಇದು ನನ್ನ ಓದು, ವ್ಯಾಖ್ಯಾನಕಾರರು ಒಪ್ಪುತ್ತಾರೋ ಇಲ್ಲವೋ.

ನಿನೆವೆ ಪಟ್ಟಣಕ್ಕೆ ಹೋಗು ಎಂದು ದೇವರು ಹೇಳಿದಾಗ ತಪ್ಪಿಸಿಕೊಂಡು ಓಡಿದ ಪ್ರವಾದಿ ಯೋನನನ್ನು ಇವನ ಪಕ್ಕ ನಿಲ್ಲಿಸಿ ನೋಡಿ. ಯೋನ ನಾನು ಅಯೋಗ್ಯ ಎಂದು ಒಂದು ಮಾತೂ ಹೇಳಲಿಲ್ಲ. ಯೊಪ್ಪ ಎಂಬ ಬಂದರಿಗೆ ಇಳಿದ, ತಾರ್ಷೀಷಿಗೆ ಹೋಗುವ ಹಡಗಿನ ಚಾರ್ಜು ಕೊಟ್ಟು ಹತ್ತಿದ, ಅಷ್ಟೇ. ನಿಮಗೆ ಬರುತ್ತಿರುವ ಆ ಗೆಳೆಯನ ಫೋನು ನನಗೆ ಯಾಕೋ ಯೊಪ್ಪವನ್ನು ನೆನಪಿಸಿತು.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಬಾಕಿ ತೀರಿಸಿದ ಮೇಲೆಯೇ ಹೂಂ ಅನ್ನಬೇಕಾ? ಮತ್ತಾಯನ ಐದನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ್ದನ್ನು ನಾನು ಬಹಳ ವರ್ಷ ಅರ್ಧ ಮಾತ್ರ ಕೇಳಿಸಿಕೊಂಡಿದ್ದೆ. ಕಾಣಿಕೆ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ ಹೋಗಿ ರಾಜಿಯಾಗು, ಆಮೇಲೆ ಬಂದು ಅರ್ಪಿಸು. ಅದಕ್ಕೇ ನಾನು ಅಣ್ಣನ ಜೊತೆ ಸರಿಹೋಗುವ ತನಕ ದೇವರ ಕೆಲಸಕ್ಕೆ ಕೈಹಾಕಬಾರದು ಎಂದುಕೊಂಡು ಹಾಯಾಗಿದ್ದೆ. ಸರಿಹೋಗುವ ಪ್ರಯತ್ನವನ್ನಂತೂ ಮಾಡಲಿಲ್ಲ. ಪಾಸ್ಟರು ಅದೇ ವಾಕ್ಯ ತೆಗೆಸಿ ಓದಿಸಿದರು. ಕಾಣಿಕೆಯನ್ನು ಮನೆಗೆ ವಾಪಸ್ ಒಯ್ಯಿ ಎಂದು ಎಲ್ಲಿದೆ? ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು ಎಂದಿದೆ. ನಿಮ್ಮ ‘ಹೂಂ’ ಅಲ್ಲೇ ಇರಲಿ. ನೀವು ಹೋಗಿ ಗೆಳೆಯನನ್ನು ಕಂಡು ಬನ್ನಿ.

ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮನೆಯಲ್ಲೂ ಇದೇ ಕ್ರಮ. ಅನ್ಯಾಯದ ಹಣವನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಎಂದು ಅವನು ಎದ್ದು ನಿಂತು ಹೇಳಿದ್ದು ಯೇಸು ಅವನ ಮನೆಗೆ ಬಂದ ಮೇಲೆ. ಮೊದಲು ಕೊಡು, ಆಮೇಲೆ ಊಟಕ್ಕೆ ಬರುತ್ತೇನೆ ಎಂದು ಕರಾರು ಇರಲಿಲ್ಲ.

ನನಗೆ ನಾಲ್ಕರಷ್ಟು ಕೊಡುವ ಶಕ್ತಿ ಇರಲಿಲ್ಲ. ಹದಿನೆಂಟು ಸಾವಿರವನ್ನು ಲಕೋಟೆಯಲ್ಲಿ ಹಾಕಿಕೊಂಡು ಅಣ್ಣನ ಮನೆಗೆ ಹೋದೆ. ಎಣಿಸಿದ, ಎರಡು ಸಲ. ‘ನಂಗ ಗೊತ್ತಿತ್ತು’ ಅಂದ. ಅತ್ತಿಗೆ ಚಹಾ ತಂದರು. ಆ ವರ್ಷ ಮಳೆ ತಡವಾಗಿತ್ತು, ಅದರ ಬಗ್ಗೆ ಮಾತಾಡಿದೆವು. ಅಪ್ಪಿಕೊಂಡು ಅತ್ತೆವು ಎಂದರೆ ಸಾಕ್ಷಿ ಹೇಳುವುದಕ್ಕೆ ಚಂದ ಇರುತ್ತದೆ, ಆದರೆ ಹಾಗೇನೂ ಆಗಲಿಲ್ಲ. ಅವನು ಈಗಲೂ ಎಡಗಡೆ ಬೆಂಚಿನಲ್ಲೇ ಕೂರುತ್ತಾನೆ. ಕ್ರಿಸ್ಮಸ್ಸಿಗೆ ಮಾತ್ರ ಅವರ ಮನೆಯಿಂದ ಕರ್ಚಿಕಾಯಿ ಡಬ್ಬಿ ಬರುತ್ತದೆ.

ಕೊರತೆಯ ಮಾತಿಗೆ ಬರುತ್ತೇನೆ. ಟೀಚರ್ ಆದ ಮೇಲೆ ನನ್ನ ಸಿಟ್ಟು ಹೋಯಿತಾ? ಇಲ್ಲ. ಮೂರನೇ ವರ್ಷವೋ ಏನೋ, ಪಾಠದ ನಡುವೆ ಪದೇ ಪದೇ ನಗುತ್ತಿದ್ದ ಹುಡುಗನೊಬ್ಬನಿಗೆ ಎಲ್ಲರ ಮುಂದೆ ಹೊಡೆದೆ. ಹನ್ನೊಂದು ವರ್ಷದ ಹುಡುಗ. ಅವತ್ತಿನ ಪಾಠ ಯಾವುದು ಗೊತ್ತಾ, ಮಕ್ಕಳನ್ನು ನನ್ನ ಬಳಿಗೆ ಬರಗೊಡಿಸಿರಿ. ಆ ಇಡೀ ವಾರ ರಾಜೀನಾಮೆ ಚೀಟಿಯನ್ನು ಮನಸ್ಸಿನಲ್ಲೇ ಬರೆದೆ, ಹರಿದೆ. ಮುಂದಿನ ಭಾನುವಾರ ಎಲ್ಲರ ಮುಂದೆ ಹೊಡೆದವನು ಎಲ್ಲರ ಮುಂದೆಯೇ ಕ್ಷಮೆ ಕೇಳಿದೆ. ಅವನ ಮನೆಗೂ ಹೋಗಿ ತಂದೆತಾಯಿಗೆ ಹೇಳಿದೆ. ಆಮೇಲೆ ಒಂದು ವರ್ಷ ಇನ್ನೊಬ್ಬ ಟೀಚರ್ ನನ್ನ ತರಗತಿಯಲ್ಲಿ ಜೊತೆಗೆ ಕೂರಲಿ ಎಂದು ಸಭೆಯವರು ತೀರ್ಮಾನಿಸಿದರು. ಅವಮಾನವೇ ಆಯಿತು. ಆದರೆ ಸರಿಯಾದದ್ದನ್ನೇ ಮಾಡಿದ್ದರು. ದೇವರು ಕೊರತೆ ತುಂಬುವುದು ಬಹಳ ಸಲ ಹೀಗೆ, ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿ. ಮೋಶೆಗೆ ಆರೋನ ಸಿಕ್ಕಂತೆ.

ಸೇವೆ ಮಾಡುವವನೇ ಪಾಪಿಯಾದರೆ ಸೇವೆಗೆ ಬೆಲೆ ಇದೆಯಾ ಎಂಬುದು ಹಳೆಯ ಜಗಳ. ನಾಲ್ಕನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದ ಸಭೆ ಇದೇ ಮಾತಿಗೆ ಎರಡಾಗಿ ಒಡೆಯಿತು. ಹಿಂಸೆಗೆ ಹೆದರಿ ಧರ್ಮಗ್ರಂಥಗಳನ್ನು ಅಧಿಕಾರಿಗಳ ಕೈಗೆ ಒಪ್ಪಿಸಿದವರು ಕೊಟ್ಟ ದೀಕ್ಷಾಸ್ನಾನದಂಥ ಸಂಸ್ಕಾರ ನಡೆಯುವುದಿಲ್ಲ ಎಂದು ದೊನಾತಿಸ್ಟರೆಂಬ ಪಂಗಡದವರು ಪಟ್ಟು ಹಿಡಿದರು. ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ಒಪ್ಪಲಿಲ್ಲ: ಕೃಪೆ ಕ್ರಿಸ್ತನದು, ಬಡಿಸುವವನದಲ್ಲ. ಒಟ್ಟು ಸಭೆ ನಿಂತದ್ದು ಅಗಸ್ಟೀನರ ಕಡೆ. ನನ್ನಂಥವನಿಗೆ ಅದು ದೊಡ್ಡ ಆಸರೆ. ಆದರೆ ಈ ಆಸರೆಯನ್ನೇ ಗುರಾಣಿ ಮಾಡಿಕೊಂಡು, ಜನರಿಗೆ ಅನ್ಯಾಯ ಮಾಡಿ ‘ನಾನೂ ಮನುಷ್ಯನೇ ಅಲ್ಲವಾ’ ಎಂದು ಪೀಠ ಬಿಡದೆ ಕೂತವರನ್ನೂ ಕಂಡಿದ್ದೇನೆ. ಕೊರತೆಯ ಹೆಸರಿನಲ್ಲಿ ಬಾಕಿ ಮನ್ನಾ ಮಾಡಿಸಿಕೊಳ್ಳುವ ಜನ ಅವರು.

ಕರೆ ನಿಜವೋ, ಬರೀ ಆಸೆಯೋ ಎಂದೂ ಒಂದು ಕಡೆ ಕೇಳಿದ್ದೀರಿ. ಒಬ್ಬರೇ ಕೂತು ಅದನ್ನು ತೀರ್ಮಾನಿಸಬೇಡಿ. ಬೈಬಲಿನ ಬಾಲಕ ಸಮುವೇಲನಿಗೆ ಮೂರು ಸಲ ದೇವರ ಕರೆ ಬಂದರೂ ಅದು ಯಾರ ದನಿ ಎಂದು ತಿಳಿಯಲಿಲ್ಲ, ಎದ್ದು ಎದ್ದು ಯಾಜಕ ಏಲಿಯ ಹತ್ತಿರ ಓಡಿದ. ಗುರುತು ಹಿಡಿದವನು ಏಲಿ. ಕಣ್ಣು ಮಂಜಾದ ಮುದುಕ, ಸ್ವಂತ ಮಕ್ಕಳನ್ನು ತಿದ್ದಲಾರದೆ ಸೋತವನು. ನಿಮ್ಮ ಸಭೆಯಲ್ಲೂ ಅಂಥ ಒಬ್ಬರು ಇರುತ್ತಾರೆ. ಚೆನ್ನಾಗಿ ಪ್ರಸಂಗ ಮಾಡುವವರೇ ಆಗಬೇಕಿಲ್ಲ, ಸೋತು ಗೊತ್ತಿರುವವರಾದರೆ ಸಾಕು. ಅವರ ಹತ್ತಿರ ಹೋಗಿ ನಾಲ್ಕೂ ಕಾರಣ ಹೇಳಿ, ನಾಲ್ಕನೆಯದನ್ನು ಮೊದಲು.

ಕೆಲಸಕ್ಕೆ ರಾಜೀನಾಮೆ ಕೊಡುವ ಯೋಚನೆ ಇದ್ದರೆ ಸದ್ಯಕ್ಕೆ ಬೇಡ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಪಾಸ್ಟರ್ ಆಗಬೇಕೆಂದರೆ ನಿಮ್ಮ ಸ್ವಂತ ಸಭೆಯ ಶಿಫಾರಸು ಬೇಕು, ಆಮೇಲೆ ಮಂಗಳೂರಿನ ಬಲ್ಮಠದಲ್ಲಿರುವಂಥ ದೇವಶಾಸ್ತ್ರ ಕಾಲೇಜಿನಲ್ಲಿ ವರ್ಷಗಟ್ಟಲೆ ಓದು. ಆ ದಾರಿ ಎಲ್ಲಿಗೂ ಓಡಿಹೋಗುವುದಿಲ್ಲ. ಯುವಜನರ ಕೂಟ ಮುಂದಿನ ವಾರವೇ ಇದೆ. ಕರೆ ಅಂದರೆ ಪ್ರಸಂಗಪೀಠವೇ ಎಂಬುದೂ ನಮ್ಮ ಕಲ್ಪನೆ. ಜರ್ಮನ್ ಭಾಷೆಯಲ್ಲಿ ಉದ್ಯೋಗಕ್ಕೆ ‘ಬೆರೂಫ್’ ಅನ್ನುತ್ತಾರೆ, ಆ ಪದದ ಒಳಗೆ ಇರುವುದು ಕರೆ. ಚಮ್ಮಾರನ ಕೆಲಸವೂ ದೇವರ ಕರೆಯೇ ಎಂದು ಜರ್ಮನಿಯ ಸಭಾಸುಧಾರಕ ಮಾರ್ಟಿನ್ ಲೂಥರ್ ಆ ಪದಕ್ಕೆ ಆ ಅರ್ಥ ತುಂಬಿದ. ಕಾಯಕ ಎಂಬ ಮಾತು ಹುಟ್ಟಿದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಿಟೆಲ್ ಸಾಹೇಬರನ್ನೇ ನೋಡಿ. 1853ರಲ್ಲಿ ಸುವಾರ್ತೆ ಸಾರಲು ಬಂದವರು. ಕನ್ನಡಿಗರು ಇವತ್ತಿಗೂ ನೆನೆಯುವುದು 1894ರಲ್ಲಿ ಅಚ್ಚಾದ ಅವರ ನಿಘಂಟಿಗಾಗಿ, ಸುಮಾರು 70,000 ಪದಗಳದ್ದು. ದೇವರು ಯಾವುದಕ್ಕೆ ಕರೆದ ಎಂಬುದು ಬಂದು ನಲವತ್ತು ವರ್ಷವಾದ ಮೇಲೆ ಪೂರ್ತಿ ಕಂಡಿರಬೇಕು.

ಎರಡು ವರ್ಷ ಆರಾಧನೆಗೆ ಹೋಗದ್ದನ್ನು ದೊಡ್ಡದು ಮಾಡಬೇಡಿ. ಮಾರ್ಕನೆಂಬ ಯೋಹಾನ, ಅಪೊಸ್ತಲ ಪೌಲ ಮತ್ತು ಬಾರ್ನಬರ ಜೊತೆ ಸುವಾರ್ತೆ ಸಾರಲು ಹೊರಟ ಮೊದಲ ಪ್ರಯಾಣದಲ್ಲೇ ಪಂಫುಲ್ಯದಿಂದ ಮನೆಗೆ ವಾಪಸ್ ಹೋದವನು. ಪೌಲನಿಗೆ ಅದು ಎಷ್ಟು ಬೇಸರ ತಂದಿತೆಂದರೆ ಅವನ ಸಲುವಾಗಿ ಬಾರ್ನಬನ ಸ್ನೇಹವನ್ನೇ ಬಿಟ್ಟ. ಅದೇ ಪೌಲ ಕೊನೆಗಾಲದಲ್ಲಿ ಸೆರೆಮನೆಯಿಂದ ಬರೆಯುತ್ತಾನೆ: ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗಕ್ಕೆ ಬರುತ್ತಾನೆ. ಬೆಳಗಿನ ಪ್ರಾರ್ಥನೆಯ ವಿಷಯದಲ್ಲಿ ಸಲಹೆ ಕೊಡುವ ಮುಖ ನನಗಿಲ್ಲ. ಬಸ್ಸಿನಲ್ಲಿ ನಿಂತುಕೊಂಡು ಮಾಡಿದ್ದೂ ಪ್ರಾರ್ಥನೆಯೇ ಎಂದು ನಾನು ನಂಬಿಕೊಂಡಿದ್ದೇನೆ.

ಉಳಿದದ್ದು ಹಣದ ವಿಷಯ. ಎಷ್ಟು ಎಂದು ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ಒಂದೇ ಸಲ ಕೊಡಲಾಗದಿದ್ದರೆ ಕಂತು ಮಾಡಿಕೊಳ್ಳಿ, ಆದರೆ ಮೊದಲ ಕಂತನ್ನು ಫೋನ್‌ಪೇ ಮಾಡಿ ಕೈತೊಳೆದುಕೊಳ್ಳಬೇಡಿ. ಅವನಿದ್ದಲ್ಲಿಗೆ ಹೋಗಿ ಕೈಯಲ್ಲಿ ಕೊಡಿ. ಅವನು ಎರಡು ಸಲ ಎಣಿಸಿದರೆ ಎಣಿಸಲಿ, ಕೂತು ನೋಡಿ. ಚಹಾ ಕೊಟ್ಟರೆ ಕುಡಿದು ಬನ್ನಿ.