ಸೋಷಿಯಲ್ ಸೆಕ್ಯುರಿಟಿಗೆ ಹೊಂದಿಸಿದ ರಿಟೈರ್‌ಮೆಂಟ್ ಪ್ಲಾನ್ ಸಣ್ಣ ಕ್ಲಿನಿಕ್‌ಗೆ ಯಾರು ಮಾಡಿಕೊಡುತ್ತಾರೆ?

ನ್ಯೂಜೆರ್ಸಿಯಲ್ಲಿ ಸ್ವಂತ ಡೆಂಟಲ್ ಕ್ಲಿನಿಕ್, ನಾಲ್ಕು ಜನ ಕೆಲಸದವರು, ಯಾವ ಕಂಪನಿಗೆ ಫೋನ್ ಮಾಡಿದರೂ ಇಂಥ ಪ್ಲಾನ್ ಗೊತ್ತೇ ಇಲ್ಲ ಅನ್ನುತ್ತಾರೆ ಅಂತ ಬರೆದಿದ್ದೀರಿ. ನಾನು ಇಲ್ಲೇ ಸಣ್ಣ ಆಫೀಸುಗಳ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಗೊತ್ತಿರುವುದನ್ನು ಹೇಳುತ್ತೇನೆ.

ಫೋನಿನಲ್ಲಿ 'ಪರ್ಮಿಟೆಡ್ ಡಿಸ್ಪ್ಯಾರಿಟಿ' ಅಂತ ಕೇಳಿ, ಅಂದರೆ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ತೆರಿಗೆ ಬೀಳುವ ಮಿತಿಗಿಂತ ಮೇಲಿನ ಸಂಬಳಕ್ಕೆ ಪ್ಲಾನ್‌ನಲ್ಲಿ ಸ್ವಲ್ಪ ಜಾಸ್ತಿ ಹಣ ಹಾಕುವ ಆಯ್ಕೆ. ಇದಕ್ಕೇ ಇರುವ ಇನ್ನೊಂದು ಹೆಸರು 'ಇಂಟಿಗ್ರೇಟೆಡ್' ಅಂದರೆ ಆ ಕಡೆಯವರು ಪೇರೋಲ್ ಸಾಫ್ಟ್‌ವೇರ್ ಜೋಡಿಸುವ ಮಾತು ಅಂದುಕೊಳ್ಳಬಹುದು. ಕಂಪನಿ ಯಾವುದು ಅನ್ನುವುದಕ್ಕಿಂತ ಅವರ ಪ್ಲಾನ್ ದಾಖಲೆಯಲ್ಲಿ ಈ ಆಯ್ಕೆ ಇದೆಯಾ ಅನ್ನುವುದೇ ಮುಖ್ಯ. ಐಆರ್‌ಎಸ್‌ನ (ತೆರಿಗೆ ಇಲಾಖೆಯ) ರೆಡಿಮೇಡ್ 5305-ಎಸ್‌ಇಪಿ ಫಾರ್ಮ್ ತುಂಬಿಸಿ ಎಸ್‌ಇಪಿ, ಅಂದರೆ ಮಾಲೀಕರೇ ಎಲ್ಲರ ನಿವೃತ್ತಿ ಖಾತೆಗೆ ಹಣ ಹಾಕುವ ಸರಳ ಪ್ಲಾನ್, ತೆರೆದರೆ ಇದು ಆಗುವುದೇ ಇಲ್ಲ. ಸಣ್ಣ ಸಂಸ್ಥೆಗಳ ಇನ್ನೊಂದು ಪ್ಲಾನ್ ಆದ ಸಿಂಪಲ್ ಐಆರ್‌ಎನಲ್ಲೂ ಇಲ್ಲ. ಐಆರ್‌ಎಸ್ ಒಪ್ಪಿಗೆ ಇರುವ ಪ್ರೋಟೋಟೈಪ್ ಎಸ್‌ಇಪಿ (ಹಣಕಾಸು ಕಂಪನಿಯವರೇ ಬರೆದಿಟ್ಟ ಪ್ಲಾನ್ ದಾಖಲೆ) ಬೇಕು, ಇಲ್ಲವೇ ಪ್ರಾಫಿಟ್ ಶೇರಿಂಗ್, ಅಂದರೆ ಮಾಲೀಕರ ಕಡೆಯಿಂದ ಹಣ ಹಾಕುವ ಭಾಗ, ಇರುವ 401(ಕೆ) ನಿವೃತ್ತಿ ಪ್ಲಾನ್. ಸಹಿ ಹಾಕುವ ಮುಂಚೆ ಅಡಾಪ್ಷನ್ ಅಗ್ರಿಮೆಂಟ್ (ಪ್ಲಾನ್‌ನ ಆಯ್ಕೆಗಳನ್ನು ಗುರುತಿಸುವ ಒಪ್ಪಂದ) ತರಿಸಿಕೊಂಡು, ಹಣ ಹಂಚುವ ಪುಟದಲ್ಲಿ ಈ ಆಯ್ಕೆಗೆ ಟಿಕ್ ಹಾಕುವ ಜಾಗ ಇದೆಯಾ ಅಂತ ನೀವೇ ಕಣ್ಣಾರೆ ನೋಡಿ. ಸೇಲ್ಸ್‌ನವರ ಮಾತು ಸಾಲದು.

ನನ್ನ ಕೇಳಿದರೆ ನಿಮ್ಮ ಹತ್ತಿರದ ಒಬ್ಬ ಟಿಪಿಎ, ಅಂದರೆ ಪ್ಲಾನ್‌ನ ಲೆಕ್ಕ, ಹಂಚಿಕೆ ನಿಯಮದಂತಿದೆಯಾ ಅನ್ನುವ ಟೆಸ್ಟಿಂಗ್, ಸರ್ಕಾರಕ್ಕೆ ಕೊಡುವ ವಾರ್ಷಿಕ ಫಾರ್ಮ್ 5500 ಎಲ್ಲ ಮಾಡಿಕೊಡುವವರನ್ನು ಹಿಡಿಯಿರಿ. ಎಎಸ್‌ಪಿಪಿಎ ಅನ್ನುವ ಅವರದೇ ಸಂಘ ಇದೆ, ಅದರ ಸದಸ್ಯರಲ್ಲಿ ಹುಡುಕಿ. ದುಡ್ಡು ಯಾವ ಬ್ರೋಕರ್ ಹತ್ತಿರ ಇಡಬೇಕು ಅನ್ನುವುದನ್ನು ಆಮೇಲೆ ನೋಡಿದರಾಯಿತು. ಫೀ ಇರುತ್ತದೆ, ಆದರೆ 50 ಜನರವರೆಗಿನ ಕಡೆ ಹೊಸ ಪ್ಲಾನ್‌ಗೆ ಮೊದಲ ಮೂರು ವರ್ಷ ಆ ಖರ್ಚಿನ ಮೇಲೆ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆ, ಅದನ್ನೂ ವಿಚಾರಿಸಿ.

ಇನ್ನು, ಇಷ್ಟೆಲ್ಲ ಓಡಾಟಕ್ಕೆ ಲಾಭ ಎಷ್ಟು? 2025ರ ಅಂಕಿಯಲ್ಲೇ ಹೇಳುತ್ತೇನೆ, ಆ ವರ್ಷ ಸೋಷಿಯಲ್ ಸೆಕ್ಯುರಿಟಿ ತೆರಿಗೆ 1,76,100 ಡಾಲರ್ ಸಂಬಳದವರೆಗೆ ಮಾತ್ರ ಇತ್ತು. ಅದಕ್ಕಿಂತ ಮೇಲಿನ ಸಂಬಳಕ್ಕೆ ಪ್ಲಾನ್‌ನಲ್ಲಿ ಸ್ವಲ್ಪ ಜಾಸ್ತಿ ಹಾಕಬಹುದು, ಗರಿಷ್ಠ 5.7%. ಆದರೆ ಎಲ್ಲರಿಗೂ ಕೊಡುವ ಮೂಲ ಶೇಕಡಾವಾರನ್ನು ಇದು ದಾಟುವಂತಿಲ್ಲ, ಎಲ್ಲರಿಗೂ 3% ಕೊಟ್ಟರೆ ನಿಮಗೂ ಹೆಚ್ಚುವರಿ 3% ಅಷ್ಟೇ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 2025ರಲ್ಲಿ 3,50,000 ಇತ್ತು. ಅಷ್ಟು ಸಂಬಳ ನಿಮ್ಮದು ಅಂತಿಟ್ಟುಕೊಳ್ಳಿ, ಎಲ್ಲರಿಗೂ 5.7% ಹಾಕಿದರೆ ನಿಮಗೆ 19,950, ಮೇಲಿನ ಭಾಗಕ್ಕೆ ಇನ್ನೂ ಸುಮಾರು 9,912. ಐವತ್ತು ಸಾವಿರ ಸಂಬಳದ ಅಸಿಸ್ಟೆಂಟ್‌ಗೆ 2,850. ಈ ಆಯ್ಕೆ ಇಲ್ಲದೆ ನಿಮಗೆ ಅಷ್ಟೇ ಬರಬೇಕಾದರೆ ಅವರಿಗೆ ಹತ್ತಿರ ಹತ್ತಿರ 4,266 ಹಾಕಬೇಕಾಗುತ್ತಿತ್ತು. ನಿಮ್ಮ ಸಂಬಳ ಆ ವರ್ಷದ ಸೋಷಿಯಲ್ ಸೆಕ್ಯುರಿಟಿ ಮಿತಿಯನ್ನು ದಾಟದಿದ್ದರೆ, ಹೆಚ್ಚುವರಿ ಶುರುವಾಗುವ ಮಟ್ಟವನ್ನು ಅಲ್ಲೇ ಇಟ್ಟುಕೊಂಡು ಏನೂ ಉಪಯೋಗವಿಲ್ಲ. ಮಟ್ಟ ಇಳಿಸಬಹುದು, ಆದರೆ ಸಾಮಾನ್ಯವಾಗಿ 5.7 ಅನ್ನುವುದೂ ಇಳಿಯುತ್ತದೆ.

ನೀವು ಕೆಲಸದವರಿಗಿಂತ ವಯಸ್ಸಿನಲ್ಲಿ ತುಂಬಾ ದೊಡ್ಡವರಾದರೆ ಟಿಪಿಎಗೆ 'ನ್ಯೂ ಕಂಪ್ಯಾರಬಿಲಿಟಿ' ಲೆಕ್ಕವನ್ನೂ ಹಾಕಿಕೊಡಿ ಅನ್ನಿ. ಅದು ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಎಷ್ಟೋ ಕ್ಲಿನಿಕ್‌ಗಳಿಗೆ ಇದಕ್ಕಿಂತ ಚೆನ್ನಾಗಿ ಹೊಂದುತ್ತದೆ. ಎರಡೂ ಲೆಕ್ಕ ಒಂದೇ ಹಾಳೆಯಲ್ಲಿ ಕೊಡಲು ಹೇಳಿ.