ಟೊರಾಂಟೊದ ಸ್ಕಾರ್‌ಬರೊ ಬ್ಲಫ್ಸ್‌ಗೆ ಅಕ್ಟೋಬರಿನಲ್ಲಿ ಗುಂಪಾಗಿ ಚಾರಣ ಹೋಗುತ್ತಿದ್ದೇವೆ. ಅಲ್ಲಿನ ಗೋಡೆಯಂಥ ಕಡಿದಾದ ದಿಬ್ಬದ ಅಂಚಿನ ಹತ್ತಿರ ಯಾಕೆ ಹೋಗಬಾರದು?

ಅದು ಬಂಡೆಯಲ್ಲ, ಬರೀ ಮಣ್ಣು. ಒಂಟಾರಿಯೊ ಸರೋವರದ ದಡದಲ್ಲಿ ಸುಮಾರು 15 ಕಿ.ಮೀ. ಉದ್ದಕ್ಕೆ, ಕೆಲವೆಡೆ 90 ಮೀಟರ್‌ವರೆಗೆ ಎದ್ದಿರುವ ಈ ಗೋಡೆ ಹಿಮಯುಗದ ಮರಳು, ಜೇಡಿಮಣ್ಣಿನ ಪದರಗಳದ್ದು. ಬುಡವನ್ನು ಅಲೆ ಕೊರೆಯುತ್ತದೆ. ಮಳೆನೀರು ಮರಳಿನೊಳಗೆ ಇಳಿದು, ಜೇಡಿಪದರ ಸಿಕ್ಕಲ್ಲಿ ಅಡ್ಡಕ್ಕೆ ಹರಿದು ಗೋಡೆಯ ಮುಖದಲ್ಲಿ ಜಿನುಗುತ್ತದೆ. ಮಣ್ಣು ಜಾರುವುದು ಹೆಚ್ಚಾಗಿ ಅಲ್ಲೇ. ಮೇಲಿನ ಹುಲ್ಲು ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಟೊಳ್ಳಿರಬಹುದು, ಉದುರಿದೆಲೆ ಬಿರುಕನ್ನು ಮುಚ್ಚಿರಬಹುದು. ಗ್ರೂಪ್ ಫೋಟೋಗೆಂದು ಎಲ್ಲರೂ ಅಲ್ಲಿ ನಿಲ್ಲಬೇಡಿ, ದಯವಿಟ್ಟು. ಬ್ರಿಮ್ಲಿ ರಸ್ತೆಯಲ್ಲಿ ಬ್ಲಫರ್ಸ್ ಪಾರ್ಕಿಗೆ ಇಳಿಯಿರಿ, ಪದರಗಳು ಕೆಳಗಿನಿಂದಲೇ ಚೆಂದ ಕಾಣುತ್ತವೆ. ಬುಡಕ್ಕೂ ತೀರಾ ಹತ್ತಿರ ಬೇಡ, ಮಳೆಯ ಮರುದಿನವಂತೂ ಬೇಡವೇ ಬೇಡ.