ಅಜ್ಜನಿಗೆ ಮೀನು ಬೇಕು, ಮಕ್ಕಳಿಗೆ ಬೇಡ: ಯಾಕೆ?

ನಮಸ್ಕಾರ ಅಕ್ಕ. ನಿಮ್ಮ ಮಾವನವರು ವಾರವಾರ ಮೀನು ಕೇಳುತ್ತಾರೆ, ಮಕ್ಕಳು ತಟ್ಟೆ ಸರಿಸುತ್ತಾರೆ, ವಯಸ್ಸಿನ ಕಾರಣವೇ ಎಂದು ಕೇಳಿದ್ದೀರಿ. ವಯಸ್ಸೂ ಇದೆ, ಆದರೆ ಜಾಸ್ತಿ ಕಾರಣ ಮುಳ್ಳು.

ಗಂಗಾವತಿ, ಮುನಿರಾಬಾದ್ ಕಡೆ ನಮಗೆ ಸಿಗುವುದು ಹೆಚ್ಚಾಗಿ ರೋಹು, ಕಾಟ್ಲಾ, ಮೃಗಾಲ. ಈ ಜಾತಿಯ ಮೀನಿನಲ್ಲಿ ಬೆನ್ನೆಲುಬಲ್ಲದೆ ಮಾಂಸದೊಳಗೂ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಮಾವನವರಿಗೆ ಅದನ್ನು ನಾಲಿಗೆಯಲ್ಲೇ ಬೇರೆ ಮಾಡುವುದು ಚಿಕ್ಕಂದಿನಿಂದ ಬಂದ ರೂಢಿ. ಮಗುವಿಗೆ ಒಮ್ಮೆ ಗಂಟಲಲ್ಲಿ ಚುಚ್ಚಿದರೆ ಸಾಕು, ವರ್ಷಗಟ್ಟಲೆ ಹೆದರುತ್ತದೆ. ಗದರಿಸಿ ತಿನ್ನಿಸಬೇಡಿ, ದಯವಿಟ್ಟು. ಬಾಲದ ತುಂಡು ಬಿಟ್ಟು ಹೊಟ್ಟೆಯ ತುಂಡು ಕೊಡಿ. ಅಲ್ಲಿನ ಮುಳ್ಳು ದೊಡ್ಡದು, ಕಣ್ಣಿಗೆ ಕಾಣುತ್ತದೆ, ಆದರೂ ನೀವೇ ಬಿಡಿಸಿಕೊಡಿ. ಕೊರಮೀನು ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಮಾಂಸದೊಳಗೆ ಅಂಥ ಸಣ್ಣ ಮುಳ್ಳಿಲ್ಲ. ಬೆಲೆ ಮಾತ್ರ ಜಾಸ್ತಿ.

ಹರೆಯದವರ ಕಥೆ ಬೇರೆ. ಅವರಿಗೆ ವಾಸನೆ ಆಗುವುದಿಲ್ಲ, ಹಾಸ್ಟೆಲ್‌ನಲ್ಲಿ ಮೀನು ಸಿಗುವುದೂ ಅಪರೂಪ, ಚಿಕನ್ ಸುಲಭ. ಸಾರು ಬೇಡ ಎನ್ನುವವರೂ ಹುರಿದರೆ ತಿನ್ನುತ್ತಾರೆ, ಅಲ್ವಾ?

ಮಾವನವರು ಮುಂದೆ ಕಡಿಮೆ ತಿಂದರೆ ಹಲ್ಲು, ಕಣ್ಣು ಎರಡೂ ನೋಡಿ. ವಯಸ್ಸಾದಂತೆ ಕಣ್ಣು ಮಂಜಾಗುತ್ತದೆ, ಮುಳ್ಳು ಕಾಣುವುದಿಲ್ಲ, ನಾಚಿಕೆಯಿಂದ ಸುಮ್ನೆ ಬೇಡ ಎಂದುಬಿಡುತ್ತಾರೆ. ಮೀನಿನ ಪ್ರೋಟೀನ್, ಬಿ12 ಅವರಿಗೆ ತುಂಬಾ ಬೇಕು. ಶ್ರಾವಣದಲ್ಲಿ ಅವರು ಬಿಟ್ಟರೆ ಬಿಡಲಿ, ಅದು ಅವರ ನಂಬಿಕೆ. ಉಳಿದ ದಿನ ಅವರಿಗೂ ಮುಳ್ಳು ಬಿಡಿಸಿಯೇ ಬಡಿಸಿ.